ಕಾಕಾರನ್ನು ಗ್ರೂಪಿನಿಂದ ತೆಗೆದಾಗ

ವಾಟ್ಸಾಪ್ ಗ್ರೂಪಿನ ಅಡ್ಮಿನ್ ಆಗುವುದೆಂದರೆ ಪುಕ್ಕಟೆ ಸಿಗುವ ತಲೆನೋವು ಎಂದು ನನಗೆ ಮೊದಲೇ ಯಾರಾದರೂ ಹೇಳಬೇಕಿತ್ತು. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಆ ಮಾತು ಬೇರೆ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಯಾರಾದರೂ ಒಂದು ಚೂರು ಅಧಿಕಾರ ಕೊಟ್ಟರೆ ಬೇಡ ಅನ್ನಲು ನಾಲಿಗೆ ಹೊರಳುವುದಿಲ್ಲ.

ನಮ್ಮದು ಬಸ್ಸಿನ ಗ್ರೂಪು. ಮನೆ ದಾಂಡೇಲಿಯ ಕಡೆ, ನೌಕರಿ ಹಳಿಯಾಳದಲ್ಲಿ ಇರುವ ನಲವತ್ತು ಜನ ಅದರಲ್ಲಿದ್ದೇವೆ. ಮುಂಜಾನೆಯ ಬಸ್ಸು ಅಂಬಿಕಾನಗರದಿಂದ ಹೊರಟು, ಕುಳಗಿಯ ಕಾಡು ದಾಟಿ ದಾಂಡೇಲಿಗೆ ಬಂದು, ಅಲ್ಲಿಂದ ಹಳಿಯಾಳಕ್ಕೆ ಹೋಗುತ್ತದೆ. ಅದರ ವೇಳೆ ಬಸ್ ನಿಲ್ದಾಣದ ಗೋಡೆಯ ಮೇಲೆ ಒಂದು ಇದ್ದರೆ ಡ್ರೈವರನ ಮನಸ್ಸಿನಲ್ಲಿ ಇನ್ನೊಂದು. ಅದಕ್ಕಾಗಿಯೇ ಈ ಗ್ರೂಪು. ಅಂಬಿಕಾನಗರದಲ್ಲಿ ಹತ್ತುವವರು ನಮ್ಮಲ್ಲಿ ಒಬ್ಬರೇ, ಎಲ್ಲರೂ ಕಾಕಾ ಎಂದು ಕರೆಯುವ ಗುಮಾಸ್ತರು. ಮಗನಿಗೆ ಅಲ್ಲಿಯ ಕಾಲನಿಯಲ್ಲಿ ಕ್ವಾರ್ಟರ್ಸು ಸಿಕ್ಕಿದ್ದರಿಂದ ಅಲ್ಲಿರುತ್ತಾರೆ, ಹಳಿಯಾಳದ ಒಂದು ಕಚೇರಿಯಲ್ಲಿ ಕೆಲಸ, ರಿಟೈರ್ ಆಗಲು ಬಂದಿದ್ದಾರೆ. ಕಾಡಿನೊಳಗೆ ಫೋನಿಗೆ ಜೀವ ಇರುವುದಿಲ್ಲ. ಹೊರಬಿದ್ದ ಕೂಡಲೇ ಕಾಕಾ ಎರಡೇ ಶಬ್ದ ಹಾಕುತ್ತಾರೆ: ‘ಕುಳಗಿ ದಾಟ್ತು.’ ಅದನ್ನು ಓದಿದ ಮೇಲೆಯೇ ದಾಂಡೇಲಿಯಲ್ಲಿ ನಮ್ಮ ನಮ್ಮ ಅಡುಗೆಮನೆಗಳ ಗ್ಯಾಸ್ ಆರುವುದು, ಡಬ್ಬಿಯ ಮುಚ್ಚಳ ಬೀಳುವುದು, ಸೆರಗಿಗೆ ಪಿನ್ನು ಸಿಗುವುದು.

ಆದರೆ ಎರಡು ಶಬ್ದಕ್ಕೆ ನಿಲ್ಲುವ ಮನುಷ್ಯ ಅವರಲ್ಲ. ಧಾರವಾಡದ ಕಡೆ ಹಳ್ಳಿಯವರು, ಸವಾಲ್-ಜವಾಬಿನ ಹಾಡು ಕೇಳುತ್ತ ಬೆಳೆದವರು. ಒಬ್ಬರು ಹಾಡಿನಲ್ಲಿ ಕೆಣಕಬೇಕು, ಕೆಣಕಿಸಿಕೊಂಡವರು ಹಾಡಿನಲ್ಲೇ ತಿರುಗಿ ಕೊಡಬೇಕು, ಕೊಡಲಾಗದಿದ್ದರೆ ‘ನನ್ನ ಕಡೆ ಜವಾಬಿಲ್ಲ’ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು, ಅಷ್ಟೇ ಅದರ ಕಾನೂನು. ಹೀಗಾಗಿ ಬಸ್ಸಿನ ಸುದ್ದಿಯ ಹಿಂದೆಯೇ ದಿನಕ್ಕೊಬ್ಬರ ಮೇಲೆ ಎರಡು ಸಾಲು ಬರುತ್ತಿತ್ತು. ನನ್ನ ಸರದಿ ಬಂದಾಗ ಹೀಗಿತ್ತು:

‘ಕಿಡಕಿ ಕಡೆ ಕುಂತ ಅಕ್ಕೋರು ಕಣ್ಣ ಮುಚ್ಚಿ ಪಾಠ ಓದ್ಯಾರು,
ಡ್ರೈವರ ಬ್ರೇಕ ಹಾಕಿದಾಗೆಲ್ಲ ಹೌದ ಹೌದಂತ ತಲಿ ಹಾಕ್ಯಾರು.’

ನಾನು ಬಸ್ಸಿನಲ್ಲಿ ನಿದ್ದೆ ಮಾಡುತ್ತೇನೆ ಎಂಬುದು ಸುಳ್ಳಲ್ಲವಾದ್ದರಿಂದ ಎರಡು ದಿನ ಮಾತ್ರ ಸಿಟ್ಟಾಗಿದ್ದೆ.

ಕಾಕಾಗೆ ಸರಿಯಾಗಿ ತಿರುಗಿ ಕೊಡುತ್ತಿದ್ದವರು ಒಬ್ಬರೇ, ನನ್ನ ಪಕ್ಕದ ಸೀಟಿನ, ಬಸ್ಸಿಗೆಲ್ಲ ಅಕ್ಕನಂತಿರುವ ಆಪಾ. ಹಳಿಯಾಳದ ಉರ್ದು ಶಾಲೆಯಲ್ಲಿ ಕಲಿಸುತ್ತಾರೆ, ನನಗಿಂತ ಎರಡು ವರ್ಷ ದೊಡ್ಡವರು. ಗಂಡ ದಾಂಡೇಲಿಯಲ್ಲಿ ಗ್ಯಾರೇಜು ನಡೆಸುತ್ತಿದ್ದ ಮೆಕ್ಯಾನಿಕ್ಕು, ತೀರಿಕೊಂಡು ಆಗ ಎರಡು ವರ್ಷವೂ ಆಗಿರಲಿಲ್ಲ. ಮಕ್ಕಳಿಲ್ಲ. ಒಬ್ಬರೇ ಇದ್ದಾರೆ, ಯಾರ ಹಂಗೂ ಇಲ್ಲದೆ ಇದ್ದಾರೆ. ಸಂಜೆಯ ಬಸ್ಸಿನಲ್ಲಿ ಮಡಿಲಿನಲ್ಲಿ ಪೇಪರು ಹಾಸಿ ಮೆಂತೆಪಲ್ಲೆ ಸೋಸುವುದು, ಅಂದರೆ ಎಲೆ ಬಿಡಿಸಿಡುವುದು, ಅವರ ಪದ್ಧತಿ, ಮನೆಗೆ ಹೋದ ಕೂಡಲೇ ಒಗ್ಗರಣೆಗೆ ಹಾಕಲು ಅನುಕೂಲ. ಕಾಕಾ ಬಿಡುತ್ತಾರೆಯೇ?

‘ಮೆಂತೆಪಲ್ಲೆ ಸೋಸಿ ಸೋಸಿ ಬಸ್ಸೆಲ್ಲ ಹಸರು ಮಾಡ್ಯಾರ ಆಪಾ,
ಪಲ್ಲೆಗೆ ಟಿಕೇಟ ತಗಸಲಿಲ್ಲಂತ ಕಂಡಕ್ಟರಗ ಬಂದೈತಿ ಕೋಪಾ.’

ಆಪಾ ಪಲ್ಲೆ ಬದಿಗಿಟ್ಟು, ಕೈ ಒರೆಸಿಕೊಂಡು, ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು:

‘ಸೋಸಿದ ಪಲ್ಲೆ ಸಂಜಿಗೆ ಸಾರು, ಸೋಸದ ಮಾತು ಊರಿಗೆ ಭಾರ,
ಕಾಕಾನ ನಾಲಿಗೆ ಕೊಟ್ರ ನನಗ ಸೋಸಿ ಕೊಡ್ತೇನಿ ಒಂದ ವಾರ.’

ಕನ್ನಡ ಅಕ್ಕೋರು ನಾನು, ಪ್ರಾಸ ಕೂಡಿಸುವವರು ಉರ್ದು ಟೀಚರು. ಈ ವಿಷಯದಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ ಎಂದು ಆಪಾ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಸ್ವಲ್ಪ ಅಲ್ಲ.

ಹೀಗೆ ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ಸೋಮವಾರ ಆಪಾ ಬಂದಾಗ ಸೆರಗಿನ ಕೆಳಗೆ ಹಣೆಯ ಮೇಲಿನ ಕೂದಲು ಕೆಂಪಗೆ ಹೊಳೆಯುತ್ತಿತ್ತು. ಗಂಡ ಹೋದ ಮೇಲೆ ಅವರು ಮೆಹಂದಿ ಹಚ್ಚಿರಲಿಲ್ಲ. ‘ಛಲೋ ಕಾಣ್ತೈತ್ರಿ ಆಪಾ’ ಎಂದೆ. ‘ಹೂಂ’ ಎಂದರು, ಅಷ್ಟೇ. ನಮ್ಮ ಬಸ್ಸು ಹಳಿಯಾಳ ಮುಟ್ಟುವ ಮೊದಲೇ ಎಲ್ಲರ ಫೋನೂ ಒಟ್ಟಿಗೆ ಗುಂಯ್ ಎಂದವು.

‘ಬಿಳಿ ಕೂದಲಕ ಮೆಹಂದಿ ಹಚ್ಚಿ ಬಂದಾರ ಆಪಾ ಸೋಮವಾರ,
ಮನ್ಯಾಗ ನೋಡಾವ್ರಿಲ್ಲಂದಮ್ಯಾಲ ಬಸ್ಸಿನ್ಯಾಗ ಯಾರು ಅದಾರ?’

ನಾನು ಓದಿದೆ. ಆಪಾನ ಮುಖ ನೋಡಿದೆ. ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಆಚೆ ಬದಿಯ ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನ ಮೈ ಉರಿಯಿತು. ಗಂಡ ಸತ್ತ ಹೆಂಗಸಿನ ಬಗ್ಗೆ ನಲವತ್ತು ಜನರ ಎದುರು ಇಂಥ ಮಾತೇ? ಹಿಂದೆ ತಿರುಗಿ ನೋಡಿದರೆ ಕೊನೆಯ ಸೀಟಿನಲ್ಲಿ ಕಾಕಾ ಎಲೆಯಡಿಕೆ ಮೆಲ್ಲುತ್ತ, ಜವಾಬು ಯಾವಾಗ ಬರುತ್ತದೆ ಎಂದು ಮಗುವಿನ ಹಾಗೆ ಕಾಯುತ್ತಿದ್ದರು. ಅದನ್ನು ನೋಡಿ ಇನ್ನೂ ಉರಿಯಿತು. ಬೆರಳು ಒತ್ತಿದೆ, ಕಾಕಾರನ್ನು ಗ್ರೂಪಿನಿಂದ ತೆಗೆದು ಹಾಕಿದೆ. ಕೂಡಲೇ ಹೆಬ್ಬೆರಳುಗಳ ಮಳೆ ಸುರಿಯಿತು, ಚಪ್ಪಾಳೆ ಬಿತ್ತು, ‘ಭೇಷ್ ಅಕ್ಕೋರ’ ಎಂದು ಬ್ಯಾಂಕಿನವರೊಬ್ಬರು ಬರೆದರು. ನಾನು ಹೆಮ್ಮೆಯಿಂದ ಆಪಾನ ಕಡೆ ತಿರುಗಿದೆ.

‘ಯಾಕ ತಗದ್ರಿ?’ ಎಂದರು ಆಪಾ.

‘ಯಾಕ ಅಂದ್ರ? ನಿಮ್ಮ ಸಲುವಾಗಿ!’

‘ನಾ ಹೇಳಿದ್ನೇನು?’

ಅವತ್ತು ನಮ್ಮ ಜಗಳ ಶುರುವಾಯಿತು. ಮುಂಜಾನೆ ಹೋಗುವಾಗ, ಸಂಜೆ ಬರುವಾಗ, ನಡುವೆ ಮಧ್ಯಾಹ್ನದ ಬಿಡುವಿನಲ್ಲಿ ಫೋನಿನಲ್ಲಿ. ನಾನು ಕ್ಲಾಸಿನ ಉದಾಹರಣೆ ಕೊಟ್ಟೆ. ಗದ್ದಲ ಮಾಡುವ ಹುಡುಗನನ್ನು ಹೊರಗೆ ನಿಲ್ಲಿಸುವುದಿಲ್ಲವೇ?

‘ನಿಲ್ಲಸ್ತೀವಿ. ಅಂವ ಕಿಡಕ್ಯಾಗ ಹಣಿಕಿ ಹಾಕಿ ಇನ್ನಷ್ಟು ನಗಸ್ತಾನ. ನಿಮ್ಮ ಕ್ಲಾಸಿನ್ಯಾಗ ಹಂಗ ಆಗೂದಿಲ್ಲೇನು?’

ಆಗುತ್ತದೆ. ಆದರೆ ಅದನ್ನು ಒಪ್ಪಿಕೊಳ್ಳುವ ಸಮಯ ಅದಲ್ಲ.

ಎರಡನೆಯ ದಿನ ಆಪಾ ಇನ್ನೊಂದು ಮಾತು ತೆಗೆದರು. ಅದಕ್ಕೆ ಸ್ವಲ್ಪ ಹಿಂದೆ ಟಿವಿಯಲ್ಲಿ ಯಾವನೋ ನಟ ಏನೋ ಅಂದನೆಂದು ಅವನ ಸಿನಿಮಾ ಯಾರೂ ನೋಡಬಾರದು ಎಂದು ಜನ ಎದ್ದಿದ್ದರು. ನಾನು ಆ ನಟನ ಪರವಾಗಿ ದಾಂಡೇಲಿಯಿಂದ ಹಳಿಯಾಳದ ತನಕ ಭಾಷಣ ಮಾಡಿದ್ದೆ. ಅಭಿವ್ಯಕ್ತಿ ಸ್ವಾತಂತ್ರ್ಯ ಎಂಬ ವಿಷಯದ ಮೇಲೆ ಹತ್ತನೆಯ ಕ್ಲಾಸಿನ ಮಕ್ಕಳಿಂದ ನಿಬಂಧ ಬರೆಸಿದ್ದೆ. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಓದಿದ್ದ ‘ಕ್ಯಾನ್ಸಲ್ ಕಲ್ಚರ್’, ಅಂದರೆ ಬಹಿಷ್ಕಾರದ ಚಾಳಿ, ಎಂಬ ಮಾತನ್ನು ಆಪಾಗೆ ಕಲಿಸಿದವಳೂ ನಾನೇ.

‘ನಿಬಂಧದಾಗ ಒಂದು, ಗ್ರೂಪಿನ್ಯಾಗ ಒಂದು ಆತಲ್ರಿ ಅಕ್ಕೋರ’ ಎಂದು ನಕ್ಕರು. ‘ದೂರದ ಹೀರೋ ಏನ್ ಬೇಕಾದ್ರೂ ಅನ್ನಬಹುದು, ಹಿಂದಿನ ಸೀಟಿನ ಕಾಕಾ ಅನ್ನಬಾರದು.’

‘ಹೀರೋ ನಿಮ್ಮ ಹೆಸರು ಹಿಡದು ಅಂದಿಲ್ಲ. ಮಾತಿಗೂ ಒಂದು ಮಿತಿ ಐತಿ.’

‘ಐತಿ. ಆ ಮಿತಿ ಎಲ್ಲಿ ಅಂತ ಅನಿಸ್ಕೊಂಡಾಕಿ ಹೇಳಬೇಕೋ, ಪಕ್ಕದಾಗ ಕುಂತಾಕಿ ಹೇಳಬೇಕೋ?’

ಇಂಥ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಎಂದಲ್ಲ. ಇತ್ತು, ಒಳ್ಳೆಯದೇ ಇತ್ತು. ‘ಆಪಾ, ನಿಮ್ಮ ನಾಲಿಗಿ ಚೂಪು, ನೀವು ತಿರುಗಿ ಕೊಡ್ತೀರಿ. ಎಲ್ಲಾರೂ ನಿಮ್ಮಂಗ ಇರ್ತಾರೇನು? ಆ ಬ್ಯಾಂಕಿನ ಸಣ್ಣ ಹುಡಿಗಿ ನೋಡ್ರಿ, ಟಿಕೇಟು ಕೇಳಾಕೂ ನಾಚ್ತಾಳ. ನಾಳಿ ಅಕಿ ಮ್ಯಾಲ ಇಂಥಾದ್ದ ಬರದ್ರ ಅಕಿ ಏನ್ ಮಾಡಬೇಕು? ಮಾತಾಡಾಕ ಬರಲಾರದವ್ರ ಸಲುವಾಗಿ ಯಾರಾದ್ರೂ ಬಾಗಲಾ ಹಾಕಬೇಕಲ್ಲ?’

ಆಪಾ ಹಿಂದಕ್ಕೆ ಹೊರಳಿ ಆ ಹುಡುಗಿಯನ್ನು ನೋಡಿ ತಲೆದೂಗಿದರು. ಅವರನ್ನು ತಲೆದೂಗಿಸಿದ್ದು ನನ್ನ ನೌಕರಿಯ ಅವಧಿಯಲ್ಲೇ ದೊಡ್ಡ ಸಾಧನೆ.

‘ಅದು ಖರೆ’ ಎಂದರು. ‘ಅಕಿ ಮ್ಯಾಲ ಬರದ್ರ ಅಕಿ ಸಲುವಾಗಿ ತಗೀರಿ. ನಾನೂ ಜೋಡಿ ಬರ್ತೇನಿ. ಈಗ ನನ್ನ ಬಾಯಿ ಯಾಕ ಮುಚ್ಚಿದ್ರಿ?’

‘ನಾ ನಿಮ್ಮ ಬಾಯಿ ಎಲ್ಲಿ ಮುಚ್ಚಿದೆ? ಕಾಕಾಂದು ಮುಚ್ಚಿದೆ.’

‘ನಾ ಇನ್ನ ಯಾರಿಗೆ ಜವಾಬು ಕೊಡ್ಲಿ? ಅಂವ ಇಲ್ಲದಾಗ ಗ್ರೂಪಿನ್ಯಾಗ ಅಂದ್ರ ಬೆನ್ನಹಿಂದ ಅಂದಂಗ. ಅವಂದ ಕಡೀ ಮಾತು ಆಗಿ ಅಲ್ಲೇ ಕುಂತೈತಿ ನೋಡ್ರಿ.’

ಗ್ರೂಪು ತೆಗೆದು ನೋಡಿದೆ. ಖರೆ. ಕಾಕಾರ ಎರಡು ಸಾಲು, ಅದರ ಕೆಳಗೆ ನಾನು ಅವರನ್ನು ತೆಗೆದ ಸುದ್ದಿ, ಅದರ ಕೆಳಗೆ ಚಪ್ಪಾಳೆ. ಆಪಾನದು ಏನೂ ಇಲ್ಲ.

ಗ್ರೂಪಿನಿಂದ ತೆಗೆಯಬಹುದು, ಬಸ್ಸಿನಿಂದ ತೆಗೆಯಲಾಗುವುದಿಲ್ಲ. ಕಾಕಾ ದಿನಾ ಬರುತ್ತಿದ್ದರು, ಕೊನೆಯ ಸೀಟಿನಲ್ಲಿ, ಮಾವನ ಮನೆಯಲ್ಲಿ ಅವಮಾನವಾದ ಅಳಿಯನ ಮುಖ ಹಾಕಿಕೊಂಡು. ಮಾಡಿದ ತಪ್ಪೇನು ಎಂಬುದು ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಆದರೆ ‘ಕುಳಗಿ ದಾಟ್ತು’ ನಿಂತು ಹೋಗಿತ್ತು. ಬಸ್ಸು ಒಂದು ದಿನ ಬೇಗ ಬಂತು, ಒಂದು ದಿನ ತಡವಾಗಿ. ಚಪ್ಪಾಳೆ ತಟ್ಟಿದವರೆಲ್ಲ ನಿಲ್ದಾಣದಲ್ಲಿ ಬೇಗ ಬಂದು ನಿಂತು ಆಕಳಿಸತೊಡಗಿದರು. ವಾರ ಮುಗಿಯುವುದರೊಳಗೆ ಅವರ ನ್ಯಾಯಬುದ್ಧಿ ಮೆತ್ತಗಾಯಿತು. ‘ಭೇಷ್ ಅಕ್ಕೋರ’ ಎಂದು ಬರೆದವರೇ ನನಗೊಬ್ಬಳಿಗೇ ಬೇರೆ ಮೆಸೇಜು ಕಳಿಸಿದರು: ‘ಹೋಗ್ಲಿ ಬಿಡ್ರಿ, ಕಾಕಾ ದೊಡ್ಡವ್ರು, ಮತ್ತ ಸೇರಸ್ರಿ.’ ಅವರ ಡಬ್ಬಿ ಮನೆಯಲ್ಲಿ ಉಳಿದಿತ್ತಂತೆ. ನಾನು ಜಗ್ಗಲಿಲ್ಲ. ‘ಮೊದಲು ಎಲ್ಲರೆದುರು ಮಾಫಿ ಕೇಳಬೇಕು’ ಎಂದೆ.

ಒಂದು ದಿನ ನನಗೇ ಬಸ್ಸು ತಪ್ಪುವುದರಲ್ಲಿತ್ತು. ನಾನು ರಸ್ತೆಯ ಆಚೆಯಿಂದ ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದೇನೆ, ಬಸ್ಸು ಹೊರಟೇ ಬಿಟ್ಟಿದೆ. ಒಳಗಿಂದ ಯಾರೋ ತಗಡು ಬಡಿದು ‘ಏ ನಿಲ್ಲಸೋ, ಅಕ್ಕೋರು ಬರಾಕತ್ತಾರ!’ ಎಂದು ಕೂಗಿದರು. ಬಸ್ಸು ನಿಂತಿತು. ಹತ್ತಿ ನೋಡಿದರೆ ಕೂಗಿದವರು ಕಾಕಾ. ನಾನು ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ನನ್ನ ಸೀಟಿಗೆ ಹೋಗಿ ಕೂತೆ. ಆಪಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಗೆಗೆ ಅವರ ಭುಜ ಹಳಿಯಾಳದ ತನಕ ಅಲುಗಾಡುತ್ತಿತ್ತು.

‘ಮಾಫಿ ಕೇಳ್ಲಿ, ನಾಳಿನ ಸೇರಸ್ತೇನಿ’ ಎಂದೆ ನಾನು, ಉಸಿರು ತಿರುಗಿದ ಮೇಲೆ.

‘ಬ್ಯಾಡ’ ಎಂದರು. ‘ಮಾಫಿ ಕೇಳಿದವ್ರಿಗೆ ಜವಾಬು ಕೊಡಾಕ ಬರ್ತೈತೇನು? ನನ್ನ ಕೈಯಾಗಿಂದು ಅದನ್ನೂ ಕಸಗೊಳ್ತೀರಿ ನೀವು.’

ಇಷ್ಟು ಮೊಂಡರನ್ನು ನಾನು ನೋಡಿಲ್ಲ. ಕನ್ನಡಿಯಲ್ಲಿ ಬಿಟ್ಟರೆ.

ಎರಡನೆಯ ವಾರ ನಗು ಕಡಿಮೆಯಾಯಿತು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ, ಆ ಬಸ್ಸಿಗೆ ಯಾವತ್ತೂ ಹತ್ತದ ಮಾಸ್ತರರೊಬ್ಬರು ಚಹಾ ಕುಡಿಯುತ್ತ ನನ್ನ ಹತ್ತಿರ ಸರಿದು ಕೇಳಿದರು: ‘ನಿಮ್ಮ ಬಸ್ಸಿನ ಆಪಾಂದು ಏನೋ ಆಗೇತಂತಲ್ರಿ? ಯಾರನ್ನೋ ಗ್ರೂಪಿನಿಂದ ತಗದ್ರಂತ?’ ‘ಏನೂ ಆಗಿಲ್ಲ’ ಎಂದೆ. ‘ಏನೂ ಆಗದ ಯಾಕ ತಗೀತಾರ್ರಿ?’ ಎಂದು ಅವರು ನಕ್ಕರು. ಚಹಾ ಅಲ್ಲೇ ಬಿಟ್ಟು ಎದ್ದೆ. ಕಾಕಾರ ಪ್ರಾಸಗಳು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುತ್ತಿರಲಿಲ್ಲ. ಇದೊಂದನ್ನು ನಾನು ಕೇಸು ಮಾಡಿ ಊರೆಲ್ಲ ಓದುವ ಹಾಗೆ ಮಾಡಿದ್ದೆ.

ಸಂಜೆ ಬಸ್ಸಿನಲ್ಲಿ ಆಪಾ ಪಲ್ಲೆ ತಂದಿರಲಿಲ್ಲ. ಕೇಳಿದಾಗ ಹೇಳಿದರು. ಮುಂಡಗೋಡದಿಂದ ಮೈದುನನ ಫೋನು ಬಂದಿತ್ತು. ಯಾರೋ ಕಾಕಾರ ಸಾಲುಗಳನ್ನು, ಕೆಳಗಿನ ನನ್ನ ಶೌರ್ಯದ ಸಮೇತ, ಫೋಟೋ ತೆಗೆದು ಅವನ ತನಕ ಮುಟ್ಟಿಸಿದ್ದರು. ಭಾಭಿ ಒಬ್ಬರೇ ಇರುವುದು ಸಾಕು, ಮುಂಡಗೋಡಕ್ಕೆ ಟ್ರಾನ್ಸ್‌ಫರ್ ಹಾಕಿರಿ, ನಮ್ಮ ಮನೆಯಲ್ಲೇ ಇರಿ ಎಂದಿದ್ದ. ಒಳ್ಳೆಯ ಹುಡುಗ, ಮರ್ಯಾದೆಯಿಂದಲೇ ಹೇಳಿದ್ದ. ಅದೇ ಕಷ್ಟ. ದಾಂಡೇಲಿಯ ಆ ಎರಡು ಕೋಣೆಯ ಮನೆ, ಅದರ ಮುಂದಿನ ಗ್ಯಾರೇಜಿನ ಬಾಗಿಲು, ಅದನ್ನು ಬಿಟ್ಟು ಮೈದುನನ ಮನೆಯ ಒಂದು ಮೂಲೆ.

‘ನಾ ಒಂದು ಮಾತು ಆಡಿದ್ರ ಇದು ಅವತ್ತ ಮುಗೀತಿತ್ತು, ಅಕ್ಕೋರ. ನೀವು ನನ್ನ ಉಳಸಾಕ ಬಂದ್ರಿ. ಗೊತ್ತೈತಿ, ಮನಸಿನಿಂದ ಬಂದ್ರಿ.’

ಅವರು ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ನನಗೆ ಅಳು ಬಂತು. ಅಲ್ಲೇ ಕೂತು ಕಾಕಾರನ್ನು ಮತ್ತೆ ಸೇರಿಸಿದೆ. ಮಾಫಿ ಇಲ್ಲ, ಷರತ್ತು ಇಲ್ಲ, ನನ್ನ ಮರ್ಯಾದೆಯ ಲೆಕ್ಕವೂ ಇಲ್ಲ.

ಮರುದಿನ ಮುಂಜಾನೆ, ನಡುವೆ ಏನೂ ನಡೆದೇ ಇಲ್ಲ ಎಂಬಂತೆ, ‘ಕುಳಗಿ ದಾಟ್ತು’ ಬಂತು. ಉಳಿದವರೆಲ್ಲ ಅದರ ಕೆಳಗೆ ಕೈಮುಗಿಯುವ ಚಿತ್ರ ಹಾಕಿದರು. ಬಸ್ ನಿಲ್ದಾಣದಲ್ಲಿ ಎಲ್ಲರೂ ಫೋನು ಹಿಡಿದು ಆಪಾನನ್ನೇ ನೋಡುತ್ತಿದ್ದರು. ಈಗ ಬರುತ್ತದೆ ಜವಾಬು, ಯಾವ ಪ್ರಾಸ ಹಾಕುತ್ತಾರೋ ಎಂದು. ಆಪಾ ಏನೂ ಟೈಪ್ ಮಾಡಲಿಲ್ಲ. ಬಸ್ಸು ದಾಂಡೇಲಿ ಬಿಟ್ಟ ಮೇಲೆ ಎದ್ದು, ಮುಂದಿನ ಸೀಟಿನ ಸರಳು ಹಿಡಿದು, ಹಿಂದಕ್ಕೆ ತಿರುಗಿ ನಿಂತರು. ಟಿಕೇಟು ಹರಿಯುತ್ತಿದ್ದ ಕಂಡಕ್ಟರು ಅಲ್ಲೇ ನಿಂತ.

‘ಕಾಕಾ, ಪ್ರಾಸ ಕೂಡಿಸಿ ನೋಡಿದೆ, ಕೂಡಲಿಲ್ಲ. ಹಂಗ ಹೇಳ್ತೇನಿ, ಕೇಳ್ರಿ. ಮೆಹಂದಿ ಯಾರ ಸಲುವಾಗಿ ಹಚ್ಚೀರಿ ಅಂತ ಕೇಳಿದ್ರಿ. ಯಾರು ಹಚ್ಚತಿದ್ರು ಅಂತ ಕೇಳಬೇಕಾಗಿತ್ತು. ನನ್ನ ಬಲಗೈ ಬಿದ್ದು ಮುರಿದ ಮ್ಯಾಲ ಭುಜದ ಮ್ಯಾಲ ಏಳೂದಿಲ್ಲ. ಹನ್ನೆರಡು ವರ್ಷ ನಮ್ಮ ಮನಿಯವ್ರ ಹಚ್ಚಿದ್ರು. ಗ್ಯಾರೇಜಿನ ಎಣ್ಣಿ ಉಗುರಿನ್ಯಾಗಿಂದು ಹೋಗಿದ್ದ ನಾ ನೋಡಿಲ್ಲ, ಅದರ ಮ್ಯಾಲ ನನ್ನ ಮೆಹಂದಿ. ಅವ್ರು ಹೋದ ಮ್ಯಾಲ ಹಚ್ಚಿರಲಿಲ್ಲ. ಅವತ್ತ ಐತವಾರ ಎಡಗೈಲೆ ನಾನ ಹಚ್ಕೊಂಡೆ. ಮುಂದ ಹತ್ತೇತಿ, ನೀವೆಲ್ಲಾ ನೋಡೀರಿ. ಹಿಂದ ಕೈ ಹೋಗಲಿಲ್ಲ. ಸೆರಗಿನ ಒಳಗ ಅರ್ಧಾ ತಲಿ ಹಂಗ ಬಿಳೀ ಐತಿ.’

ಅಷ್ಟೇ ಹೇಳಿದರು. ಬ್ಯಾಂಕಿನ ಸಣ್ಣ ಹುಡುಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಕಾಕಾ ಎದ್ದು ನಿಂತಿದ್ದರು. ಬಾಯಲ್ಲಿದ್ದ ಎಲೆಯಡಿಕೆಯನ್ನು ಕಿಟಕಿಯಿಂದ ಉಗುಳಿ, ತುಟಿ ಒರೆಸಿಕೊಂಡು, ಬಹಳ ಸಣ್ಣ ದನಿಯಲ್ಲಿ ಹೇಳಿದರು: ‘ಆಪಾ, ಇದಕ್ಕ ನನ್ನ ಕಡೆ ಜವಾಬಿಲ್ಲ.’

‘ಅದನ್ನ ಗ್ರೂಪಿನ್ಯಾಗ ಬರೀರಿ’ ಎಂದರು ಆಪಾ. ‘ನಾ ಹೇಳಿದ್ದನ್ನೂ ಬರೀರಿ, ಒಂದು ಅಕ್ಷರ ಬಿಡಬ್ಯಾಡ್ರಿ. ಎಲ್ಲಿ ತನಕಾ ನಿಮ್ಮ ಮಾತು ಹೋಗೇತಿ, ಅಲ್ಲೀ ತನಕಾ ಇದೂ ಹೋಗ್ಲಿ.’

ಕಾಕಾ ಕೂತು ಬರೆಯತೊಡಗಿದರು. ಬಸ್ಸು ಹಳಿಯಾಳ ಸಮೀಪಿಸಿದಾಗ ಎಲ್ಲರ ಫೋನೂ ಒಟ್ಟಿಗೆ ಗುಂಯ್ ಎಂದವು. ಪ್ರಾಸವಿಲ್ಲದ ಉದ್ದ ಮೆಸೇಜು, ಕೊನೆಗೆ ಅವರ ಆ ಒಂದು ಸಾಲು. ಆಪಾ ಅದನ್ನು ಎರಡು ಸಲ ಓದಿ, ತಾವೇ ಮುಂಡಗೋಡಕ್ಕೆ ಕಳಿಸಿ, ಫೋನು ಮುಚ್ಚಿಟ್ಟರು. ಇಷ್ಟು ವರ್ಷ ಅವರ ಪಕ್ಕದಲ್ಲೇ ಕೂತವಳು ನಾನು. ಆ ಬಿಳಿ ಕೂದಲಿನ ಸುದ್ದಿ ಕಾಕಾರಿಗೆ ಎಷ್ಟು ಹೊಸದೋ ನನಗೂ ಅಷ್ಟೇ ಹೊಸದು.

‘ಅಕ್ಕೋರ’ ಎಂದು ಆಪಾ ಮೊಣಕೈಯಿಂದ ತಿವಿದರು. ‘ನಂದು ಮುಗೀತು. ಈಗ ಬೇಕಾದ್ರ ತಗೀರಿ ಕಾಕಾನ್ನ.’

ಫೋನು ನನ್ನ ಕೈಯಲ್ಲೇ ಇತ್ತು. ಚೀಲದೊಳಗೆ ಹಾಕಿ ಜಿಪ್ಪು ಎಳೆದೆ.